ಕಂಬದ ಕರೆಂಟಿಲ್ಲದ ದಿನ

೩ ಅಕ್ಟೋಬರ್ ೨೦೨೨, ಸೋಮವಾರ

ಇವತ್ತೂ ಮಾಡಿನ ಮೇಲೆ. ಕ್ಲಾಂಪು ಬಿಗಿ, ಕೇಬಲ್ ಕಟ್ಟು, ಗಾಜು ಒರೆಸು, ಮತ್ತೆ ಕ್ಲಾಂಪು. ತರಗತಿ ಕಟ್ಟಡದ ದಕ್ಷಿಣದ ಮಾಡು ಪೂರ್ತಿ ಮುಚ್ಚಿತು. ಹೆಂಚೇ ಕಾಣುವುದಿಲ್ಲ, ಬರೀ ಕಪ್ಪು ಗಾಜು. ಬೆಳಿಗ್ಗೆ ಅದರೊಳಗೆ ಒಂದು ಮೋಡ ನಡೆದುಹೋಯಿತು. ಕೆಲಸ ಬಿಟ್ಟು ನೋಡುತ್ತ ಕೂತೆ. ಬೈಸಿಕೊಂಡೆ.

ನನ್ನ ಹೆಸರೇ ನೆರಳು — ಸೆಂಕಾ ಅಂದರೆ ನಮ್ಮ ಭಾಷೆಯಲ್ಲಿ ಅದೇ. ಅಮ್ಮ ಇಟ್ಟಿದ್ದು, ನಾನೇನು ಮಾಡಲಿ. ರಾದಿಸಾವ್ ಮೇಸ್ತ್ರಿಗೆ ಇದೊಂದು ಸಾಕು.

"ಸರ್ಬಿಯಾದಲ್ಲಿ ಇಷ್ಟೊಂದು ಹುಡುಗೀರಿದ್ರೂ ಸೋಲಾರ್ ಕೆಲಸಕ್ಕೆ ನನಗೆ ಸಿಕ್ಕಿದ್ದು ನೆರಳು! ಆಚೆ ನಿಲ್ಲಮ್ಮ, ಪ್ಯಾನೆಲ್ ಮೇಲೆ ಬೀಳ್ಬೇಡ."

"ನಿಮ್ಮ ಹೊಟ್ಟೆ ನೆರಳು ನನ್ನದಕ್ಕಿಂತ ದೊಡ್ಡದು ಮೇಸ್ತ್ರಿ."

ಕೆಳಗೆ ಅಂಗಳದಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದ ದೆಸಾಂಕಾ ಅತ್ತೆ ಇಕ್ಕಳ ಎತ್ತಿ ನಕ್ಕರು. ಈ ವಿಜ್ಞಾನ ಕೇಂದ್ರದ ಅಡುಗೆಮನೆ ಪೂರ್ತಿ ಅವರದು. ಅವರು ನಕ್ಕರೆ ಆ ದಿನ ಎರಡು ಸೌಟು ಹೆಚ್ಚು.

ಮಾಡಿನ ನಡುವೆ ಗಾಜಿನ ಕಿಂಡಿ, ಅದರ ಕೆಳಗೆ ಫಿಸಿಕ್ಸ್ ಕೋಣೆ. ದೇಶದ ಮೂಲೆಮೂಲೆಯಿಂದ ಹೈಸ್ಕೂಲು ಮಕ್ಕಳು ಇಲ್ಲಿಗೆ ಬರುತ್ತಾರೆ. ಏನನ್ನೋ ಅಳೆಯುತ್ತಾರೆ, ಜಗಳವಾಡುತ್ತಾರೆ, ಮತ್ತೆ ಅಳೆಯುತ್ತಾರೆ. ಅಂಕ ಇಲ್ಲ. ಕಿಂಡಿ ತೆರೆದಿದ್ದರೆ ಎಲ್ಲ ಕೇಳುತ್ತದೆ. ಇವತ್ತು ಭೂಮಿಯ ಸೆಳೆತ ಅಳೆಯಲು ದಾರಕ್ಕೆ ಗುಂಡು ಕಟ್ಟಿ ತೂಗಿಸುತ್ತಿದ್ದರು.

"ವಿದಾ ಟೀಚರ್, ನನಗೆ ಒಂಬತ್ತೂವರೆ ಬಂತು. ಪುಸ್ತಕದಲ್ಲಿ ಒಂಬತ್ತು ಪಾಯಿಂಟ್ ಎಂಟು ಒಂದು ಅಂತಿದೆ."

"ಹೌದಾ? ಅಳಿಸ್ಬೇಡ ಮತ್ತೆ. ಯಾಕೆ ಹಾಗೆ ಬಂತು, ಹುಡುಕೋಣ."

ಅಳಿಸಬೇಡ ಎಂದರು! ನನ್ನ ಶಾಲೆಯಲ್ಲಿ ಇದೇ ದಾರ, ಇದೇ ಗುಂಡು. 'ಬರಬೇಕಾದ್ದನ್ನು ಬರಿ' ಎಂದರು. ಬಂದದ್ದನ್ನೇ ಬರೆಯುತ್ತೇನೆ ಎಂದೆ. ಬಾಗಿಲಾಚೆ ನಿಲ್ಲು ಎಂದರು. ನಿಂತೆ. ನಿಂತವಳು ಹಾಗೇ ಬಸ್ ಸ್ಟ್ಯಾಂಡಿನವರೆಗೆ ನಡೆದೆ... ಮತ್ತೆ ಒಳಗೆ ಹೋಗಲಿಲ್ಲ.

೫ ಅಕ್ಟೋಬರ್

ಕಿಂಡಿಯಿಂದ ಇವತ್ತು: ಬಿಸಿಲು ಸೂರ್ಯನಿಂದ ಇಲ್ಲಿಗೆ ಬರಲು ಎಂಟು ನಿಮಿಷ. ಆಮೇಲೆ ಇಳಿದು ಇನ್ವರ್ಟರ್ ಪೆಟ್ಟಿಗೆಯ ಮೇಲೆ ಕೈ ಇಟ್ಟೆ. ಬೆಚ್ಚಗೆ, ಸಣ್ಣಗೆ ಗುಂಯ್ ಎನ್ನುತ್ತಿತ್ತು, ಮಲಗಿದ ಬೆಕ್ಕಿನ ಹಾಗೆ. ಎಂಟು ನಿಮಿಷದ ಹಿಂದೆ ಸೂರ್ಯನಲ್ಲಿ ಇದ್ದದ್ದು ಈಗ ದೆಸಾಂಕಾ ಅತ್ತೆಯ ಕಾಫಿಯ ನೊರೆ. ಈ ಮಾತನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಮೇಸ್ತ್ರಿಗೆ ಹೇಳಿದೆ. "ಕಾಫಿ ಆರೋಗತ್ತೆ, ಕುಡಿ" ಎಂದರು.

ಊಟದ ಮೇಜಿನಲ್ಲಿ ವಿದಾ ಟೀಚರ್ ಆಡಳಿತ ಮಂಡಳಿಯ ಮಾತು ತಿಳಿಸಿದರು. ಈ ಕೇಂದ್ರದ ಮುಖ್ಯಸ್ಥೆ ಅವರೇ. ಕರೆಂಟಿನ ಬೆಲೆ ಏರಿದ ಮೇಲೆ ಚಳಿಗಾಲದಲ್ಲಿ ಇಲ್ಲಿಗೆ ಬೀಗ ಹಾಕಬೇಕು ಎನ್ನುತ್ತಿದ್ದಾರೆ. ಒಂದೇ ದಾರಿ. ಮಕ್ಕಳು ತುಂಬಿರುವಾಗ ಒಂದು ಹಗಲು, ಒಂದು ರಾತ್ರಿ, ಹೊರಗಿನ ಕಂಬದಿಂದ ತೊಟ್ಟು ಕರೆಂಟೂ ತೆಗೆದುಕೊಳ್ಳದೆ ಕೇಂದ್ರ ನಡೆಯಬೇಕು. ನಡೆದರೆ ಹಾಸ್ಟೆಲಿನ ಮಾಡಿಗೂ ಪ್ಯಾನೆಲ್, ಚಳಿಗಾಲದ ಶಿಬಿರಗಳೂ ಉಂಟು. ಇದನ್ನೆಲ್ಲ ನೋಡಿಕೊಳ್ಳಲು ನಾನೂ ಇಲ್ಲೇ ಉಳಿಯಬಹುದು. ಇಲ್ಲವಾದರೆ ಮೇಸ್ತ್ರಿ ಬೇರೆ ಊರಿನ ಕೆಲಸಕ್ಕೆ, ನಾನು ಅಮ್ಮನ ಕಾಲುಚೀಲದ ಅಂಗಡಿಗೆ.

ಉಳಿಯಬೇಕು. ಈ ಕಿಂಡಿಯ ಹತ್ತಿರ ಉಳಿಯಬೇಕು.

೯ ಅಕ್ಟೋಬರ್, ಭಾನುವಾರ

ಮೊದಲ ಪರೀಕ್ಷೆಯಲ್ಲೇ ಸೋತೆವು. ನಿನ್ನೆ ಸಂಜೆ ಬ್ಯಾಟರಿ ತುಂಬಿ ತುಳುಕುತ್ತಿತ್ತು. ಬೆಳಗಾಗುವಾಗ ಖಾಲಿ. ಮಕ್ಕಳು ಮಂಜುಗಡ್ಡೆಯಂಥ ನೀರಿನಲ್ಲಿ ಮುಖ ತೊಳೆದರು. ಮೇಸ್ತ್ರಿ ಒಂದೊಂದೇ ತಂತಿ ಹಿಡಿದು ಹುಡುಕಿದರು. ಕೊನೆಗೆ ಅಡುಗೆಮನೆ. ಬಾಯ್ಲರುಗಳು, ಬಟ್ಟೆ ಒಗೆಯುವ ಮೆಷಿನ್ನು, ಬ್ರೆಡ್ಡಿನ ಒಲೆ — ಎಲ್ಲದರ ಟೈಮರೂ ಮಧ್ಯರಾತ್ರಿಯ ಮೇಲಕ್ಕೆ!

"ಮತ್ತೆ ಯಾವಾಗ ಹಾಕ್ಬೇಕಿತ್ತು?" ದೆಸಾಂಕಾ ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ರಾತ್ರಿ ಕರೆಂಟು ಅಗ್ಗ. ನಮ್ಮಮ್ಮ ಹಾಗೇ ಮಾಡ್ತಿದ್ಲು, ನಾನೂ ಹಾಗೇ. ಹಗಲಲ್ಲಿ ಬಾಯ್ಲರ್ ಹಾಕೋ ಸೊಸೇನ ಯಾರು ಮನೇಲಿ ಇಟ್ಕೋತಾರೆ?"

"ಅತ್ತೆ, ಸೂರ್ಯನ ಹತ್ರ ರಾತ್ರಿ ದರ ಇಲ್ಲ."

"ಅವನಿಗೆ ಹೇಳು, ಒಂದು ರಾತ್ರಿ ದರ ಇಟ್ಕೊಳ್ಳೋಕೆ."

ಎಲ್ಲರೂ ನಕ್ಕೆವು. ಅವರು ಮಾತ್ರ ಆಮೇಲೆ ಪಾತ್ರೆಗಳ ಹಿಂದೆ ಹೋಗಿ ಕಣ್ಣು ಒರೆಸಿಕೊಂಡರು. ಮಂಡಳಿ ಇನ್ನೊಂದೇ ಅವಕಾಶ ಕೊಟ್ಟಿದೆ. ೨೫ನೇ ತಾರೀಕು ಎಂದು ವಿದಾ ಟೀಚರ್ ಆರಿಸಿದರು. ಆ ದಿನ ಸೂರ್ಯಗ್ರಹಣ.

"ಹುಚ್ಚಾ ನಿಮಗೆ?" ಎಂದರು ಮೇಸ್ತ್ರಿ.

"ಮೂರರಲ್ಲಿ ಒಂದು ಭಾಗ ಮುಚ್ಚತ್ತೆ ಅಷ್ಟೇ. ಮಕ್ಕಳು ನೋಡ್ಲಿ, ನಮ್ಮ ಊಟಕ್ಕೂ ಚಂದ್ರನಿಗೂ ಏನು ಸಂಬಂಧ ಅಂತ."

೨೪ ಅಕ್ಟೋಬರ್

ಬರೆಯಲು ಪುರುಸೊತ್ತಿರಲಿಲ್ಲ. ಟೈಮರುಗಳೆಲ್ಲ ಈಗ ಮಧ್ಯಾಹ್ನಕ್ಕೆ. ದೆಸಾಂಕಾ ಅತ್ತೆ ಪ್ರತಿ ಟೈಮರಿನ ಮೇಲೂ ಲಿಪ್‌ಸ್ಟಿಕ್ಕಿನಲ್ಲಿ ಸೂರ್ಯ ಬರೆದಿದ್ದಾರೆ. ಅಡುಗೆಮನೆಯ ವೈರಿಂಗು ಮಾತ್ರ ಮೇಸ್ತ್ರಿ ಒಬ್ಬರೇ ಮಾಡಿ ಮುಗಿಸಿದರು. ನನ್ನನ್ನು ಹತ್ತಿರ ಬಿಡಲಿಲ್ಲ.

ಕಾಳು ಆರಿಸುತ್ತ ಅತ್ತೆ ನಾಳೆ ಹೊರಗೆ ಬರುವುದಿಲ್ಲ ಎಂದರು. ತೊಂಬತ್ತೊಂಬತ್ತರ ಗ್ರಹಣದ ಕಥೆ ಅಮ್ಮನೂ ಹೇಳಿದ್ದಾಳೆ. ಹೊರಬಂದರೆ ಕುರುಡಾಗುತ್ತೀರಿ, ಸಾಯುತ್ತೀರಿ ಎಂದು ದೇಶಕ್ಕೆ ದೇಶವೇ ಬಾಗಿಲು ಹಾಕಿ ಕೂತಿತ್ತಂತೆ. ಬೀದಿಯಲ್ಲಿ ನಾಯಿಗಳು ಮಾತ್ರ.

"ಷಟರ್ ಇಳಿಸಿ, ಮೇಲೆ ಕಂಬಳಿ ತೂಗಿಸಿದ್ವಿ," ಎಂದರು ಅತ್ತೆ. "ಆ ವರ್ಷ ವಸಂತವೆಲ್ಲ ಯುದ್ಧ, ಬಾಂಬಿಗೆ ಹೆದರಿ ನೆಲಮಾಳಿಗೇಲಿ ಕೂತೋರು. ಅಭ್ಯಾಸ ಇತ್ತು. ಮಗ ಕೇಳ್ತಾನೆ, ಅಮ್ಮಾ, ಸೂರ್ಯನೂ ನಮ್ ಮೇಲೆ ಬಾಂಬ್ ಹಾಕ್ತಾನಾ ಅಂತ. ಏನ್ ಹೇಳ್ಲಿ?"

"ನಾಳೆ ಬನ್ನಿ ಅತ್ತೆ."

"ನಾಳೆ ಪಾಸುಲ್ಯ ಸಾರಿಗೆ ಕಾಳು ಬೇಯಿಸ್ಬೇಕು. ಕಾಳು ಗ್ರಹಣ ಅಂತ ಕಾಯತ್ತಾ?"

೨೫ ಅಕ್ಟೋಬರ್, ಮಂಗಳವಾರ. ಬೆಳಿಗ್ಗೆ ೮

ವಿದಾ ಟೀಚರ್ ಕಂಬದ ಕರೆಂಟಿನ ದೊಡ್ಡ ಸ್ವಿಚ್ಚು ಕೆಳಗೆಳೆದರು. ಟಕ್. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ದೀಪ ಹಾಗೇ ಉರಿಯುತ್ತಿತ್ತು! ಅರವತ್ತು ಮಕ್ಕಳು ಕೂಗಿದರು. ನಾನೂ ಕೂಗಿದೆ. ಮೇಸ್ತ್ರಿ ಮಾತ್ರ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

ಮಧ್ಯಾಹ್ನ

ಕಂಡೆ. ಕಾಗದದ ಕಪ್ಪು ಕನ್ನಡಕದಲ್ಲಿ ಕಂಡೆ. ಬ್ರೆಡ್ಡಿಗೆ ಯಾರೋ ಬಾಯಿ ಹಾಕಿದ ಹಾಗೆ ಮೊದಲು ಒಂದು ಮೂಲೆ ಹೋಯಿತು, ಆಮೇಲೆ ಇನ್ನಷ್ಟು. ಸದ್ದಿಲ್ಲದೆ. ಅಷ್ಟು ದೊಡ್ಡದು ಅಷ್ಟು ಮೆತ್ತಗೆ ನಡೆಯಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ.

ಬಿಸಿಲು ಬಿಸಿಲೇ, ಆದರೆ ತೆಳ್ಳಗೆ. ಬೆನ್ನಿಗೆ ಚಳಿ. ಗೋಡೆಯ ಪರದೆಯ ಮೇಲೆ ಪ್ಯಾನೆಲುಗಳು ಕೊಡುವ ಕರೆಂಟಿನ ಗೆರೆ ಇಳಿಯುತ್ತಿತ್ತು, ಮೋಡದ ಗೆರೆಯ ಹಾಗೆ ಹರಕುಮುರುಕಾಗಿ ಅಲ್ಲ. ನುಣ್ಣಗೆ, ಒಂದು ಕೈ ಬರೆದ ಹಾಗೆ. ನಾನು ಬಿಗಿದ ಕ್ಲಾಂಪು, ನಾನು ಒರೆಸಿದ ಗಾಜು... ಅದರ ಮೇಲೆ ಚಂದ್ರ ಸಹಿ ಹಾಕುತ್ತಿದ್ದ.

ದುನ್ಯಾ ಎಂಬ ಹುಡುಗಿ ಅಡುಗೆಮನೆಗೆ ಓಡಿ ಅತ್ತೆಯನ್ನು ಎಳೆದು ತಂದಳು. ಅವರ ಕೈಯಲ್ಲಿ ಕಾಳು ಬಸಿಯುವ ಜರಡಿ ಹಾಗೇ ಇತ್ತು. ಅತ್ತೆ ತಲೆ ಎತ್ತಲಿಲ್ಲ. ಎತ್ತಬೇಡಿ, ಜರಡಿ ಹಿಡೀರಿ ಸಾಕು ಎಂದಳು ದುನ್ಯಾ. ಹಿಡಿದರು. ಜರಡಿಯ ತೂತುಗಳಿಂದ ಇಳಿದು ಬಿಳಿ ಏಪ್ರನ್ನಿನ ತುಂಬ ಪುಟ್ಟ ಪುಟ್ಟ ಸೂರ್ಯರು, ಪ್ರತಿಯೊಂದೂ ಒಂದೇ ಕಡೆ ಕಚ್ಚಿದ್ದು! ಅತ್ತೆ ಅಲುಗಾಡಲಿಲ್ಲ. ಚೆಲ್ಲಿಹೋಗುತ್ತವೆ ಎಂಬಂತೆ ನಿಂತರು.

"ಇದಕ್ಕಾ ನಾವು ಕಂಬಳಿ ಹಾಕಿದ್ದು?" ಎಂದರು. "ಇದಕ್ಕಾ?"

ಮಧ್ಯಾಹ್ನ ೩

ಆದದ್ದನ್ನು ಆದ ಹಾಗೆ ಬರೆಯಬೇಕು.

ಊಟವಾದ ಮೇಲೆ ದುನ್ಯಾ ಪರದೆಯ ಮುಂದೆ ನಿಂತಿದ್ದಳು. ಬಟ್ಟಲು ಇನ್ನೂ ಕೈಯಲ್ಲಿ.

"ಸೆಂಕಾ ಅಕ್ಕಾ, ಗ್ರಹಣದಲ್ಲಿ ಪ್ಯಾನೆಲ್ ಗೆರೆ ಇಳೀತು. ಅದೇ ಹೊತ್ತಿಗೆ ಅಡುಗೇನೂ ನಡೀತಿತ್ತು. ಬ್ಯಾಟರಿ ಇಳೀಬೇಕು ತಾನೇ? ಅದು ಏರ್ತಾನೇ ಇದೆ. ಹಾಗಾದ್ರೆ ನಮ್ಮ ಊಟ ಬೇಯಿಸಿದ್ದು ಯಾವುದು?"

ನೋಡಿದೆ. ಹೌದು. ಅಡುಗೆಮನೆಗೆ ಬೇರೆಲ್ಲಿಂದಲೋ ಕರೆಂಟು ಬರುತ್ತಿರಬೇಕು ಎಂದು ಹಿತ್ತಲಿಗೆ ಓಡಿದೆ.

ಅಡುಗೆಮನೆಯ ಹಿಂದೆ, ದ್ರಾಕ್ಷಿ ಬಳ್ಳಿಯ ಕೆಳಗೆ ಹಳೆಯ ಮೀಟರು, ದೊಡ್ಡ ಸ್ವಿಚ್ಚಿಗೆ ಸೇರದ ಬೇರೆ ಲೈನು. ಕೆಲಸಕ್ಕೆ ಬಾರದು ಎಂದು ಸೆಪ್ಟೆಂಬರಿನಲ್ಲೇ ಲೈನು ಬಿಚ್ಚಬೇಕಾಗಿದ್ದದ್ದು. ಎಲೆ ಸರಿಸಿದೆ. ಒಳಗೆ ಚಕ್ರ ತಿರುಗುತ್ತಿತ್ತು. ಅಡುಗೆಮನೆ ಇಡೀ ಬೆಳಿಗ್ಗೆ ಕಂಬದ ಕರೆಂಟು ತಿಂದಿತ್ತು.

"ನೋಡ್ಬಿಟ್ಯಾ," ಹಿಂದಿನಿಂದ ಮೇಸ್ತ್ರಿ.

"ನೋಡ್ದೆ."

"ನೋಡಿಲ್ಲ ಅಂದ್ಕೋ."

"ಹೇಗೆ ಅಂದ್ಕೊಳ್ಳೋದು ಮೇಸ್ತ್ರಿ? ತಿರುಗ್ತಿದೆಯಲ್ಲ."

ಮೇಸ್ತ್ರಿ ಟೋಪಿ ತೆಗೆದು ಹಾಕಿಕೊಂಡರು. "ಹೋದ್ಸಲದ ಥರ ಆದ್ರೆ ಇಲ್ಲಿಗೆ ಬೀಗ. ಈ ಮಕ್ಕಳೆಲ್ಲಿಗೆ ಹೋಗ್ತಾರೆ? ನೀನೆಲ್ಲಿಗೆ ಹೋಗ್ತೀಯ, ಕಾಲುಚೀಲ ಮಾರೋಕಾ? ನಿನಗೋಸ್ಕರನೂ ಮಾಡ್ದೆ ಕಣೇ."

"ನಮ್ಮ ಪ್ಯಾನೆಲ್ ಸಾಕಾಗತ್ತೆ ಅಂತ ನಿಮಗೇ ನಂಬಿಕೆ ಇಲ್ವಾ?"

"ಇದೆ. ಆದ್ರೆ ನಂಬಿಕೆ ಜೊತೆ ಒಂದು ತಂತೀನೂ ಇದ್ರೆ ಒಳ್ಳೇದು."

ಒಂದು ಕ್ಷಣ, ಸುಮ್ಮನಿರಲೇ ಎನ್ನಿಸಿತು. ಇದನ್ನೂ ಬರೆದಿಡುತ್ತೇನೆ. ಕಿಂಡಿ, ಚಳಿಗಾಲ, ಗುಂಯ್ ಎನ್ನುವ ಪೆಟ್ಟಿಗೆ — ಎಲ್ಲ ಕಣ್ಣ ಮುಂದೆ ಬಂತು. ಆದರೆ ದುನ್ಯಾ ಇನ್ನೂ ಆ ಪರದೆಯ ಮುಂದೆ ನಿಂತಿದ್ದಳು. ಕೇಳಿದ ಪ್ರಶ್ನೆ ಹಿಡಿದುಕೊಂಡು. ಅವಳ ಗೆರೆಯನ್ನು ಅವಳೇ ಅನುಮಾನಿಸುವ ಹಾಗೆ ಮಾಡಲೇ?

ಊಟದ ಮನೆಗೆ ಹೋದೆ. "ನಿಮ್ಮ ಊಟ ಬೆಂದದ್ದು ಕಂಬದ ಕರೆಂಟಿನಿಂದ. ಹಳೇ ಲೈನು ಬಿಚ್ಚಿಲ್ಲ," ಎಂದೆ.

ಬಾಗಿಲಲ್ಲಿ ಮೇಸ್ತ್ರಿ. "ಬಿಚ್ಚದೆ ಇದ್ದದ್ದು ನಾನು, ಅಡುಗೆಮನೇನ ಅದಕ್ಕೆ ಸೇರಿಸಿದ್ದೂ ನಾನೇ. ಹುಡುಗೀದೇನಿಲ್ಲ."

ವಿದಾ ಟೀಚರ ಮುಖ ಬಿಳಿಚಿಕೊಂಡಿತು. ಕುರ್ಚಿ ಎಳೆದು ಕೂತರು. ಆಮೇಲೆ ದುನ್ಯಾಳ ಕಡೆ ತಿರುಗಿದರು.

"ಇದನ್ನ ಹಿಡಿದುಕೊಟ್ಟಿದ್ದು ಯಾರು?"

"ಚಂದ್ರ, ಟೀಚರ್."

ಯಾರೂ ನಗಲಿಲ್ಲ. ಅದು ನಿಜವಾಗಿತ್ತು.

"ಬೆಳಗಿನ ಗೆರೆ ಅಳಿಸ್ಬೇಡಿ," ಎಂದರು ಟೀಚರ್. "ಕಂಬದ ಕರೆಂಟು ಸೇರಿದೆ ಅಂತ ಅದರ ಮೇಲೇ ಬರೀರಿ. ಮಂಡಳಿಗೆ ನಾನೇ ಫೋನ್ ಮಾಡಿ ಒಪ್ಪಿಸ್ತೀನಿ. ಬೆಳಗಿಂದ ತುಂಬಿದ ಬ್ಯಾಟರಿ ಲೆಕ್ಕಕ್ಕಿಲ್ಲ, ಖಾಲಿ ಮಾಡಿ; ಹೊಸ ಲೆಕ್ಕ ಈಗಿನಿಂದ, ನಾಳೆ ಮಧ್ಯಾಹ್ನದವರೆಗೆ. ಇವತ್ತಿನ ಬಿಸಿಲು ಅರ್ಧ ಮುಗಿದಿದೆ, ನೆನಪಿರ್ಲಿ."

ಮೇಸ್ತ್ರಿ ಹಳೆಯ ಮೀಟರಿನ ಪಿಂಗಾಣಿ ಫ್ಯೂಸುಗಳನ್ನು ಕಿತ್ತು ನನ್ನ ಕೈಗೆ ಹಾಕಿದರು. "ನನ್ನ ಹತ್ರ ಬೇಡ. ನನಗೆ ನನ್ನ ಮೇಲೆ ಭರವಸೆ ಇಲ್ಲ." ಚಕ್ರ ಇನ್ನೊಂದು ಸುತ್ತು ಎಳೆದು ನಿಂತಿತು.

ಸಂಜೆ

ಮಕ್ಕಳು ಕೈ ಎತ್ತಿ ತೀರ್ಮಾನಿಸಿದರು. ಬಯಾಲಜಿಯವರ ಫ್ರಿಜ್ಜು ಇರಲಿ, ಅದರಲ್ಲಿ ಅವರ ಇಡೀ ವರ್ಷದ ಕೆಲಸವಿದೆ. ಬಿಸಿನೀರು ಬೇಡ. ಫೋನು ಬೇಡ — ಇದಕ್ಕೆ ದೊಡ್ಡ ಜಗಳ. ಅತ್ತೆ ಅಂಗಳದ ಸೌದೆ ಒಲೆಗೆ ಪಾತ್ರೆ ಹೊರಿಸಿದರು. ಇದು ಮೋಸವಲ್ಲವೇ ಎಂದು ಒಬ್ಬ ಕೇಳಿದ. "ಸೌದೆನೂ ಬಿಸಿಲೇ ಕಣೋ," ಎಂದಳು ದುನ್ಯಾ, "ಹಳೇ ಬಿಸಿಲು."

ಅತ್ತೆ ಒಲೆಯನ್ನೇ ನೋಡಿದರು. ಈ ಕೇಂದ್ರದಲ್ಲಿ ಒಂದು ವಾಕ್ಯ ಬಾಯಿಂದ ಬೀಳುತ್ತದೆ, ದಿನಾ ಕಾಣುವ ಸೌದೆ ಬೇರೆಯೇ ಆಗಿಬಿಡುತ್ತದೆ.

೨೬ ಅಕ್ಟೋಬರ್, ಬುಧವಾರ. ಬೆಳಿಗ್ಗೆ

ಮಂಜು. ಎದುರಿನ ಬೆಟ್ಟ ಇಲ್ಲ, ಹಾಸ್ಟೆಲಿಲ್ಲ, ಅಂಗಳವಿಲ್ಲ. ಮಾಡಿನ ಮೇಲೆ ಕೂತಿದ್ದೇನೆ. ಪ್ಯಾನೆಲಿನ ಇಬ್ಬನಿ ಒರೆಸಿದೆ, ಮತ್ತೆ ಕೂತಿತು, ಮತ್ತೆ ಒರೆಸಿದೆ. ಮಾಡಲು ಬೇರೇನಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬ್ಯಾಟರಿ ತಳ ಕಂಡಿದೆ. ಫ್ರಿಜ್ಜೊಂದೇ ಓಡುತ್ತಿದೆ. ಬಿಸಿಲು ಬೇಗ ಬರದಿದ್ದರೆ ಅದೂ ನಿಲ್ಲುತ್ತದೆ, ಎಲ್ಲವೂ ನಿಲ್ಲುತ್ತದೆ.

ಮೇಸ್ತ್ರಿ ಏಣಿ ಹತ್ತಿ ಕಾಫಿ ತಂದರು. ಪಕ್ಕದಲ್ಲಿ ಕೂತರು.

"ಫ್ಯೂಸು ಜೇಬಲ್ಲಿದೆಯಾ?"

"ಇದೆ."

"ಕೊಡ್ತೀಯಾ?"

"ಇಲ್ಲ."

"ಒಳ್ಳೇದು. ಸುಮ್ನೆ ಕೇಳ್ದೆ."

ಅರ್ಧ ಕಾಫಿ ಅವರೇ ಕುಡಿದು ಇಳಿದುಹೋದರು.

ಕೆಳಗೆ ಮಕ್ಕಳೆಲ್ಲ ಅಂಗಳದಲ್ಲಿ ನಿಂತಿದ್ದಾರೆ. ಕಾಣುವುದಿಲ್ಲ, ಕೆಮ್ಮು ಕೇಳುತ್ತದೆ. ಬಾಗಿಲು ಹಾಕಿ ಯಾರೂ ಒಳಗೆ ಕೂತಿಲ್ಲ. ಅತ್ತೆಯೂ ಹೊರಗೇ ಇದ್ದಾರೆ, ಜರಡಿ ತಂದಿದ್ದೀರಾ ಎಂದು ಯಾರೋ ಕೇಳುತ್ತಿದ್ದಾರೆ. ನಿನ್ನೆ ಹೊತ್ತು ಮುಳುಗುವವರೆಗೆ ಬಂದ ಬಿಸಿಲಿನಲ್ಲಿ ಇಷ್ಟು ದೂರ ಬಂದೆವು. ಸೋತರೂ ಇದು ನಮ್ಮದೇ ಸೋಲು, ನಾವೇ ಅಳೆದದ್ದು. ಆದರೂ ಸೋಲಬಾರದು. ದೇವರೇ, ಸೋಲಬಾರದು.

ಪುಟವೂ ಮಂಜಿನ ಬಣ್ಣಕ್ಕೇ ಇದೆ. ಅಕ್ಷರ ಮಾತ್ರ —

ಅರೆ.

ಪೆನ್ನಿನ ಪಕ್ಕದಲ್ಲಿ ಇನ್ನೊಂದು ಪೆನ್ನು. ತೆಳ್ಳಗೆ, ಬೂದು. ಕೈ ಆಡಿಸಿದರೆ ಆಡುತ್ತದೆ. ನೆರಳು! ನೆರಳು ಬೀಳಬೇಕಾದರೆ ಬಿಸಿಲು —