ಹುಮೇರಾಳ ಮೊಣಕಾಲಿನ ಗುಳ್ಳೆ

ವಸತಿ ನಿಲಯಗಳ ಮಾನ್ಯ ಜಿಲ್ಲಾ ಅಧಿಕಾರಿಗಳೇ,

ದೇವದುರ್ಗದ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನ ಹತ್ತು ವರ್ಷದ ಹುಮೇರಾ ಸತ್ತದ್ದು ಮೊಣಕಾಲಿನ ಒಂದು ಗುಳ್ಳೆಯಿಂದ. ನಿಮ್ಮ ವರದಿಯಲ್ಲಿ ಅದು ‘ಜ್ವರ’. ನಾನು ಅಲ್ಲಿಯ ಅಡುಗೆಯವಳು; ಆ ಗುಳ್ಳೆಯನ್ನು ಮೊದಲ ದಿನದಿಂದ ಕಂಡವಳು.

ಹುಮೇರಾ ಮಾನ್ವಿ ಕಡೆಯ ಹಿರೇಕೊಟ್ನೆಕಲ್ಲಿನವಳು. ಗುಳ್ಳೆ ಒಡೆದು ಹಳದಿ ಹಕ್ಕಳೆ ಕಟ್ಟಿದಾಗ ವಾರ್ಡನ್, “ಸೆಕಿ ಗುಳ್ಳಿ, ತಾನ ಹೋಗ್ತದ” ಅಂದರು. ಬೋರ್‌ವೆಲ್ ಮೋಟರ್ ಸುಟ್ಟು, ಸ್ನಾನಕ್ಕೆ ನೀರಿಲ್ಲದೆ ಆಗಲೇ ಹನ್ನೆರಡು ದಿನವಾಗಿತ್ತು. ದುರಸ್ತಿಗೆ ಎರಡು ಸಲ ಅರ್ಜಿ ಕೊಟ್ಟೆವು. ‘ಪರಿಶೀಲನೆಯಲ್ಲಿದೆ’ ಅಂದಿರಿ. ಇನ್ನೂ ಪರಿಶೀಲನೆಯಲ್ಲೇ ಇದೆ; ಕೀವಿಗೆ ಅಷ್ಟು ತಾಳ್ಮೆ ಇರಲಿಲ್ಲ.

ನನ್ನ ತಪ್ಪನ್ನೂ ಬರೆಯುತ್ತೇನೆ. ಸ್ನಾನವಿಲ್ಲದ ಮಕ್ಕಳನ್ನು ನೋಡಲಾರದೆ, ಒಂದೇ ಟವೆಲನ್ನು ಒದ್ದೆ ಮಾಡಿ ದಿನಾ ಸಂಜೆ ಎಲ್ಲರ ಮುಖ, ಕೈಕಾಲು ಒರೆಸಿದೆ. ಈ ರೋಗ ಮುಟ್ಟಿದರೆ, ಬಟ್ಟೆ ಹಂಚಿಕೊಂಡರೆ ಹರಡುತ್ತದೆಂದು ನನಗೆ ಯಾರು ಹೇಳಿದ್ದರು? ವಾರದೊಳಗೆ ಹುಮೇರಾ ಸೇರಿ ಹನ್ನೊಂದು ಮಕ್ಕಳ ಮೈಮೇಲೆ ಹುಣ್ಣು.

ಒಂದು ಬೆಳಿಗ್ಗೆ ಅವಳ ಕಾಲು ಕೆಂಪಗೆ ಬಾತಿತ್ತು. “ಯವ್ವಾ, ಕಾಲು ಸುಡಾಕತ್ತದ” ಎಂದು ಗಡಗಡ ನಡುಗುತ್ತಿದ್ದಳು. ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ರಾಯಚೂರಿಗೆ ಹೋದೆ. “ನಂಜು ರಕ್ತಕ್ಕ ಸೇರ್ಯಾದ. ಎರಡು ದಿನ ಮೊದಲ ಯಾಕ ಕರ್ಕೊಂಡು ಬರಲಿಲ್ರೀ?” ಅಂದರು ಡಾಕ್ಟರು. ಮೂರನೆಯ ದಿನ ಮಧ್ಯಾಹ್ನ ಮಗು ಹೋಯಿತು.

ತಾಯಿ ವಾಹಿದಾ ಅಳಲಿಲ್ಲ. ನನ್ನ ಕೈ ಹಿಡಿದು ಕೇಳಿದಳು: “ಗುಳ್ಳಿಯಿಂದ ಮಂದಿ ಸಾಯ್ತಾರೇನ್ರೀ, ಅಕ್ಕಾ?” ಟವೆಲಿನ ವಿಷಯ ಅವಳಿಗೆ ಹೇಳುವ ಧೈರ್ಯ ನನಗಾಗಿಲ್ಲ. ಈ ಪತ್ರ ಅವಳಿಗೂ ತಲುಪಲಿ.

ಹುಮೇರಾ ಹೋದ ಮರುದಿನವೇ ಹಾಸ್ಟೆಲಿಗೆ ನರ್ಸ್ ಬಂದರು. ಮಾತ್ರೆ, ಮುಲಾಮು, ಪ್ರತಿಯೊಬ್ಬರಿಗೂ ಬೇರೆ ಟವೆಲ್. ಉಳಿದ ಹತ್ತೂ ಮಕ್ಕಳ ಹುಣ್ಣು ಒಣಗಿದವು. ಇಷ್ಟು ಸಲೀಸಾದ ಕೆಲಸಕ್ಕೆ ಒಂದು ಮಗು ಸಾಯಬೇಕಿತ್ತೇ, ಮಾನ್ಯರೇ? ನೀವೋ, ನನಗೆ ನೋಟಿಸು ಕಳಿಸಿದ್ದೀರಿ: ‘ಸ್ವಚ್ಛತೆ ಕಾಪಾಡದಿರಲು ಕಾರಣವೇನು?’ ಕಾರಣ ನಿಮ್ಮ ಮೇಜಿನ ಮೇಲೇ ಇದೆ: ಮೋಟರಿನ ಅರ್ಜಿ, ಎರಡು ಪ್ರತಿ.

ಮೊದಲು ಮೋಟರ್ ಕೂಡಿಸಿ. ವಾರಕ್ಕೊಮ್ಮೆ ನರ್ಸ್ ಬಂದು ಮಕ್ಕಳ ಚರ್ಮ, ಉಗುರು ನೋಡಲಿ. ಹುಣ್ಣಿಗೆ ಶುಭ್ರ ಬಟ್ಟೆ ಕಟ್ಟುವುದನ್ನು, ಕೆಂಪು ಹರಡಿದರೆ, ಜ್ವರ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಓಡುವುದನ್ನು ನನ್ನಂಥವರಿಗೆ ಕಲಿಸಲಿ. ಆಮೇಲೆ ಕೆಲಸದಿಂದ ತೆಗೆಯಿರಿ, ಹೋಗುತ್ತೇನೆ. ಅದಕ್ಕೂ ಮುಂಚೆ ಒಮ್ಮೆ ನನ್ನ ಜೊತೆ ಹಿರೇಕೊಟ್ನೆಕಲ್ಲಿಗೆ ಬನ್ನಿ. ವಾಹಿದಾಳ ಎದುರು ನಾನೊಬ್ಬಳೇ ಕೂತು ಕ್ಷಮೆ ಕೇಳುವುದು ನ್ಯಾಯವಲ್ಲ.

ಇಂತಿ,
ನಿಮ್ಮ ಕಡತದಲ್ಲಿ ‘ಹೊರಗುತ್ತಿಗೆ ಅಡುಗೆ ಸಿಬ್ಬಂದಿ’, ಮಕ್ಕಳಿಗೆ ‘ಯವ್ವಾ’ ಆಗಿರುವ
ವೀರಭದ್ರಮ್ಮ