ಮುಂದಿನ ಎರಡೂ ಚಕ್ರ

ನರಿನ್,
ಜೂನ್ ೬

ಬೆಟ್ಟದ ಹುಲ್ಲುಗಾವಲಿನಲ್ಲಿ ಡೇರೆ ಹಾಕಿರುವ ಮಾವನವರಿಗೆ ಸಲಾಂ.

ಸೊಸೆಯಾದವಳು ನಿಮ್ಮ ಹೆಸರು ಹೇಳಬಾರದು, ನಿಮಗೆ ಎದುರು ಮಾತಾಡಬಾರದು. ಬರೆಯಬಾರದೆಂದು ಯಾರೂ ಹೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜೀಪಿನ ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್‌ಗೆ ಲಾಕ್ ಹಾಕಿಸಿದ್ದು ನಾನೇ. ನಿಮ್ಮ ಮಗನನ್ನು ಬೈಯಬೇಡಿ. "ಮಾವನ್ನ ಕೇಳಿದ್ಯೇನಮ್ಮಾ?" ಎಂದ ಮೆಕ್ಯಾನಿಕ್. "ಕೇಳಿದ್ರೆ ಕುದುರೆ ಇದೆಯಲ್ಲ ಅಂತಾರೆ. ನೀವು ಬಿಚ್ಚಿ," ಎಂದೆ.

ಆಮೇಲೆ ವಿಷಯ ತಿಳಿದು ನೀವು ಹೇಳಿಕಳಿಸಿದ್ದೂ ಅದನ್ನೇ: "ಕೆಸರಲ್ಲಿ ಹೂತ್ರೆ ನನ್ನ ಬೂದು ಕುದುರೆ ಎಳೆಯುತ್ತೆ. ಅವಳಿಗ್ಯಾಕೆ ಗಾಡಿ ಉಸಾಬರಿ?"

ಹೋದ ವರ್ಷ ಹಳ್ಳದ ಕೆಸರಿನಲ್ಲಿ ಮುಂದಿನ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು, ಇನ್ನೊಂದು ಅಲ್ಲಾಡಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದೆ. ಕುದುರೆ ಬರಲು ಐದು ತಾಸು ಹಿಡಿಯಿತು. ಬಂದ ಮೇಲೆ ಚೆನ್ನಾಗಿಯೇ ಎಳೆಯಿತು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆಸ್ಪತ್ರೆ ತಲುಪುವಷ್ಟರಲ್ಲಿ ಮಗು ಹೋಗಿತ್ತು.

ಈಗ ಗುಂಡಿ ಒತ್ತಿದರೆ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ಸ್ಟೀರಿಂಗ್ ಬಿಗಿಯಾಗುತ್ತದೆ, ಗಟ್ಟಿ ನೆಲ ಸಿಕ್ಕ ಕೂಡಲೇ ಲಾಕ್ ಬಿಡಿಸಬೇಕು, ಅಷ್ಟೇ. ನಿನ್ನೆ ಅದೇ ಹಳ್ಳವನ್ನು ನಾನೊಬ್ಬಳೇ ಮೂರು ಸಲ ದಾಟಿದೆ.

ಭಾನುವಾರ ಬೇಸಿಗೆ ಕಳೆಯಲು ನಿಮ್ಮ ಡೇರೆಗೆ ಬರುವಾಗ ಹಿಟ್ಟು, ಉಪ್ಪು, ಒಲೆಯ ಹೊಗೆಕೊಳವೆ ತರುತ್ತೇನೆ. ಕುದುರೆಯನ್ನು ಹಳ್ಳಕ್ಕೆ ಕಳಿಸಬೇಡಿ, ಮೇಯಲಿ. ಅತ್ತೆಯ ಮಂಡಿಗೆ ಮುಲಾಮು ಬೇಕಿದ್ದರೆ ಹೇಳಿಕಳಿಸಿ.

ಸೆಪ್ಟೆಂಬರಿನಲ್ಲಿ ನಾನು ಮತ್ತೆ ಹೆರಿಗೆಗೆ ಬೆಟ್ಟ ಇಳಿಯಬೇಕು. ಜೀಪನ್ನು ನಿಮ್ಮ ಮಗ ಓಡಿಸುತ್ತಾರೆ. ಹೊರಡುವ ಮೊದಲು ಅವರು ನಿಮ್ಮ ಅಪ್ಪಣೆ ಕೇಳಲು ನಿಂತರೆ, ನಾನೇ ಓಡಿಸುತ್ತೇನೆ.

ನಿಮ್ಮ ಸೊಸೆ,
ಜಿಪಾರ್