ಕಾಡಂಚಿನಲ್ಲಿ ಲಿಂಗಿ

೯ ಡಿಸೆಂಬರ್ ೧೯೩೧, ಬುಧವಾರ. ಅಮ್ಮತ್ತಿ ಕಡೆಯ ತೋಟ.

ಲಿಂಗಿಯ ಬೆನ್ನು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮಳೆಗಾಲದ ಚಳಿಜ್ವರದಲ್ಲಿ ಅವಳ ಜೀವ ಉಳಿಯಿತು, ಕಿವಿ ಎರಡೂ ಹೋದವು. "ಕಿವುಡಿ ನಮಗೆ ಯಾಕೆ?" ಎಂದಿದ್ದರು ತೋಟದ ದೊರೆ. ಕಾಫಿ ಹಣ್ಣು ಕೀಳಲು ಕಿವಿ ಬೇಕಿಲ್ಲವೆಂದು ವಾದಿಸಿ ಅವಳ ಕೆಲಸ ಉಳಿಸಿದವನು ತೋಟದ ಲೆಕ್ಕ ಬರೆಯುವ ರೈಟರ್ ನಾನೇ.

ಇವತ್ತು ಕಾಡಂಚಿನಲ್ಲಿ ಪಿಕ್ಕಿಂಗ್ ನಡೆದಿತ್ತು. ಕಾವಲಿನವನು ತಗಡು ಬಡಿದ. ಒಂಟಿ ಸಲಗ ಮತ್ತೆ ಇಳಿದಿತ್ತು. ಎಲ್ಲರೂ ಬುಟ್ಟಿ ಬಿಸಾಕಿ ಓಡಿದೆವು. ಲಿಂಗಿ ಮಾತ್ರ ನಮಗೆ ಬೆನ್ನು ಹಾಕಿ, ಕೊಂಬೆ ಬಗ್ಗಿಸಿಕೊಂಡು ನಿಧಾನವಾಗಿ ಹಣ್ಣು ಕೀಳುತ್ತಿದ್ದಳು. ಪಕ್ಕದ ಬಿದಿರುಮೆಳೆ ಅಲ್ಲಾಡುತ್ತಿತ್ತು. ನಾನು ಅವಳ ಹೆಸರು ಹಿಡಿದು ಕೂಗಿದೆ. ಕಿವುಡಿಯನ್ನು ಕೂಗಿ ಕರೆದೆ! ಕೊನೆಗೆ ಅವಳ ನಾದಿನಿ ಚಿಕ್ಕಿ ವಾಪಸು ಓಡಿ, ತೋಳು ಹಿಡಿದು ಎಳೆದು ತಂದಳು.

ಅವಳನ್ನು ನಾಳೆಯಿಂದ ಹಣ್ಣು ಒಣಗಿಸುವ ಕಣದ ಕೆಲಸಕ್ಕೆ ಹಾಕೋಣವೆಂದು ಸಂಜೆ ದೊರೆಯನ್ನು ಕೇಳಿದೆ.

"ಕಣದಲ್ಲಿ ಜನ ಸಾಕಷ್ಟಿದ್ದಾರೆ. ಪಿಕ್ಕಿಂಗ್ ಆಗದಿದ್ದರೆ ಲೈನ್ ಮನೆ ಖಾಲಿ ಮಾಡಲಿ."

ಹೊರಗೆ ಅತ್ತಿಗೆ ನಾದಿನಿಯರಿಬ್ಬರೂ ಕಾಯುತ್ತಿದ್ದರು. ವಿಷಯ ಹೇಳಿದೆ.

"ಕೆಲ್ಸ ಬಿಡಿಸ್ಬ್ಯಾಡಿ ರೈಟ್ರೇ," ಎಂದಳು ಚಿಕ್ಕಿ. "ನನ್ ಸೊಂಟಕ್ಕೂ ಅತ್ಗೆ ಸೊಂಟಕ್ಕೂ ಒಂದ್ ಹಗ್ಗ ಕಟ್ಕತೀನಿ. ತಗಡು ಕೇಳಿದ್ ಕೂಡ್ಲೇ ಎಳ್ಕಂಡ್ ಓಡ್ತೀನಿ."

ನಾನು ಆಗಲಿ ಎಂದು ತಲೆಯಾಡಿಸಿದೆ. ನಮ್ಮ ತುಟಿಗಳನ್ನೇ ನೋಡುತ್ತಿದ್ದ ಲಿಂಗಿ, ಕೆಲಸ ಉಳಿಯಿತೆಂದು ತಿಳಿದು ನಕ್ಕಳು.

ನಾಳೆಯೂ ಅದೇ ಕಾಡಂಚು. ಅಲ್ಲಿ ಗಿಡಗಳು ಒತ್ತೊತ್ತಾಗಿವೆ. ಓಡುವಾಗ ಆ ಹಗ್ಗ ಒಂದು ಬುಡಕ್ಕೆ ಸಿಕ್ಕಿಕೊಂಡರೆ ಇಬ್ಬರೂ…